ಮಕ್ಕಳೊಡನೆ ಹೊರಗಿನ ಊಟ

ಮನೆಯ ಹೊರಗೆ ಕುಳಿತು ಉಣ್ಣುವುದು ನಮ್ಮ ಸೀಮೆಗೆ ಹೊಸದಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಒಕ್ಕಲಿಗರು ಸೀಗಿ ಹುಣ್ಣಿಮೆ, ಎಳ್ಳಮಾಸಿಗಳಲ್ಲಿ ಇಂದಿಗೂ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಬಗೆಬಗೆಯ ಹಿಂಡಿಗಳ ಬುತ್ತಿಯನ್ನು ಮರದ ನೆರಳಿನಲ್ಲಿ ಬಿಚ್ಚಿ ಬಂಧುಬಳಗದೊಡನೆ ಉಣ್ಣುತ್ತಾರೆ. ಆ ಊಟದಲ್ಲಿ ಮಕ್ಕಳು ಹಟ ಹಿಡಿದದ್ದನ್ನು ನಾವು ಕಂಡದ್ದು ಕಡಿಮೆ. ಅದೇ ಮಕ್ಕಳನ್ನು ಒಂದು ವಿಹಾರೋದ್ಯಾನದ ಉಪಾಹಾರಗೃಹದಲ್ಲಿ ಕೂಡಿಸಿದರೆ ತಾಟು ಬಂದೊಡನೆ ಮೋರೆ ತಿರುಗಿಸಿಬಿಡುತ್ತಾರೆ. ಇದರ ಕಾರಣವೇನು, ಮನೆಯವರು ಮಾಡತಕ್ಕದ್ದೇನು ಎಂಬುದನ್ನು ವಾಚಕರೊಡನೆ ವಿಚಾರಿಸಲು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ಭಾಗದವರು ಒಂದೇ ದಿನದಲ್ಲಿ ಹೋಗಿಬರಬಹುದಾದ ವಿಹಾರಸ್ಥಾನವೆಂದರೆ ಆಲಮಟ್ಟಿ. 1964ರಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟ ಆಣೆಕಟ್ಟಿನ ಬದಿಗೆ ಇಂದು ಶಿಲಾ ಉದ್ಯಾನ, ಮೊಘಲ ಉದ್ಯಾನ, ಲವಕುಶ ಉದ್ಯಾನಗಳಿವೆ. ಹೊತ್ತು ಮುಳುಗಿದ ಮೇಲೆ ಸಂಗೀತಕ್ಕೆ ತಕ್ಕಂತೆ ಕುಣಿಯುವ ಕಾರಂಜಿಯಿದೆ. ಕಾರಂಜಿಯನ್ನು ನೋಡದೆ ಮರಳಲು ಮಕ್ಕಳು ಒಪ್ಪುವುದಿಲ್ಲವಾದುದರಿಂದ ಮಧ್ಯಾಹ್ನದ ಊಟವೂ ಸಂಜೆಯ ಫಳಾರವೂ ಅಲ್ಲಿಯೇ ಆಗಬೇಕಾಗುತ್ತದೆ.

ನಮ್ಮ ಮನೆಯ ಆರು ವರುಷದ ಹುಡುಗಿ ಕೊಟ್ಟದ್ದನ್ನು ಉಣ್ಣುವವಳು. ಮೂರು ವರುಷದ ಹುಡುಗನ ಪ್ರಪಂಚವಾದರೋ ಹಾಲುರೊಟ್ಟಿ, ಮೊಸರನ್ನ, ಮಹಾಲಿಂಗಪುರದ ಬೆಲ್ಲ ಇಷ್ಟೇ. ಹೋದ ಸಲದ ಪ್ರವಾಸದಲ್ಲಿ ಊಟಕ್ಕೆ ಕುಳಿತಾಗ ನಮ್ಮ ಪಕ್ಕದ ಮೇಜಿನಲ್ಲಿಯೂ ಅದೇ ವಯಸ್ಸಿನ ಒಂದು ಕೂಸು ಇದ್ದಿತು. ಬಿಸಿಲಿನಲ್ಲಿ ಅಲೆದು ಬಂದ ಆ ಕೂಸು ಪೂರಿ ಬೇಡವೆಂದಿತು, ದೋಸೆ ಬೇಡವೆಂದಿತು. ನೂಡಲ್ಸನ್ನು ತಾನೇ ಕೇಳಿ ತರಿಸಿಕೊಂಡು ಅದನ್ನೂ ದೂರ ಸರಿಸಿತು. ತಂದೆ ಕಣ್ಣು ಕೆಕ್ಕರಿಸಿದನು. ಅಜ್ಜಿಯು, "ನಮ್ಮ ಮಕ್ಕಳು ಹಿಂಗ ಮಾಡ್ತಿದ್ದಿಲ್ಲವ್ವಾ, ಎಲ್ಲಾ ನೀ ಕಲಿಸಿದ್ದು" ಎಂದು ಸೊಸೆಗೆ ನಾಲ್ಕು ಜನ ಕೇಳುವಂತೆಯೇ ಅಂದಳು. ಆ ತಾಯಿ ಮಾತಾಡಲಿಲ್ಲ. ಆದರೆ ತನ್ನ ತಾಟನ್ನು ಮುಟ್ಟಲೂ ಇಲ್ಲ. ಹಸಿದ ಕೂಸಿನ ಜೊತೆಗೆ ಹಸಿದ ತಾಯಿಯೂ ಎದ್ದು ಹೋದಳು. ಇಂತಹ ಪಂಕ್ತಿಗಳಲ್ಲಿ ಕೂಸಿನ ಹಟದ ದಂಡವನ್ನು ತೆರುವವಳು ಬಹುಮಟ್ಟಿಗೆ ತಾಯಿಯೇ. ಈ ಲೇಖನಕ್ಕೆ ಅದೇ ಮುಖ್ಯ ಪ್ರೇರಣೆ.

ಆ ತಾಯಿಯ ತಪ್ಪು ಇದರಲ್ಲಿ ಲೇಶವೂ ಇಲ್ಲವೆಂದು ಶಿಶುಶಾಸ್ತ್ರವನ್ನು ಬಲ್ಲವರು ಹೇಳುತ್ತಾರೆ. ಸುಮಾರು ಎರಡರಿಂದ ಆರು ವರುಷದವರೆಗೆ ಹೊಸ ತಿನಿಸಿಗೆ ಅಂಜುವುದು ಮಕ್ಕಳ ಸಹಜ ಧರ್ಮ. ನಡೆಯಲು ಕಲಿತ ಕೂಸು ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಂಡು ಕೆಡದಿರಲೆಂದು ಪ್ರಕೃತಿಯೇ ಇಟ್ಟ ಕಾವಲು ಇದೆಂದು ಅನೇಕರ ಊಹೆ. ಅಮೆರಿಕದ ಲಿಯಾನ್ ಬರ್ಚ್ ಎಂಬ ವಿದುಷಿಯು ಎರಡು ವರುಷದ ಮಕ್ಕಳಿಗೆ ಹೊಸ ತಿನಿಸುಗಳನ್ನು ಕೆಲವನ್ನು ಹೆಚ್ಚು ಸಲ, ಕೆಲವನ್ನು ಕಡಿಮೆ ಸಲ ರುಚಿ ನೋಡಿಸಿ, ಹೆಚ್ಚು ಪರಿಚಯವಾದುದನ್ನೇ ಮಕ್ಕಳು ಹೆಚ್ಚಾಗಿ ಮೆಚ್ಚುವರೆಂದು 1982ರಲ್ಲಿ ಪ್ರಕಟಿಸಿದಳು. ಒಂದು ಪಲ್ಯವು ನಾಲಗೆಗೆ ಒಗ್ಗಲು ಹತ್ತು ಸಲವೂ ಬೇಕಾಗಬಹುದು. ಅಷ್ಟು ಸಲದ ಪರಿಚಯವನ್ನು ಉಪಾಹಾರಗೃಹದ ಅರ್ಧ ತಾಸಿನಲ್ಲಿ ಮಾಡಿಸುವೆವೆಂದರೆ ಆಗುವುದೆಂತು?

ಚರಗದ ಗುಟ್ಟು ಇಲ್ಲಿಯೇ ಇದೆ. ಅಲ್ಲಿ ಸ್ಥಳವಷ್ಟೇ ಬೇರೆ. ಬುತ್ತಿಯೊಳಗಿನ ರೊಟ್ಟಿ ಮನೆಯದು, ಬಡಿಸುವ ಕೈ ಅವ್ವನದು. ಉದ್ಯಾನದ ಉಪಾಹಾರಗೃಹದಲ್ಲಿ ಸ್ಥಳ, ಗದ್ದಲ, ತಾಟು, ಕಾರ, ಬಣ್ಣ ಎಲ್ಲವೂ ಏಕಕಾಲಕ್ಕೆ ಹೊಸವು. ಆದುದರಿಂದ ಸ್ಥಳ ಹೊಸದಾದಾಗ ಊಟವಾದರೂ ಹಳೆಯದಿರಲಿ ಎಂಬುದೇ ನಾವು ಅನುಸರಿಸುವ ನಿಯಮ.

ನಮ್ಮ ಹಿರಿಯರು ಕಟ್ಟುತ್ತಿದ್ದ ಬುತ್ತಿಯನ್ನು ನಾವು ಇನ್ನೂ ಬಿಟ್ಟಿಲ್ಲ. ಕೂಸಿಗೆ ಗೊತ್ತಿರುವ ಒಂದು ತಿನಿಸು ನಮ್ಮ ಚೀಲದಲ್ಲಿದ್ದೇ ಇರುತ್ತದೆ. ಕೆಲವು ಉದ್ಯಾನಗಳಲ್ಲಿ ಹೊರಗಿನ ಬುತ್ತಿಯನ್ನು ಒಳಗೆ ಬಿಡುವುದಿಲ್ಲ. ಅಂಥಲ್ಲಿ ಬಾಗಿಲು ಹೊಗುವ ಮೊದಲೇ ಮಕ್ಕಳಿಗೆ ಉಣ್ಣಿಸುವುದು ಲೇಸು. ಹಸಿವು ನೆತ್ತಿಗೇರುವ ಮುನ್ನ, ಜನಸಂದಣಿಯಾಗುವ ಮೊದಲೇ ಊಟಕ್ಕೆ ಕೂಡಬೇಕು. ಅದರ ಹಿಂದಿನ ಒಂದು ತಾಸು ಐಸ್‌ಕ್ಯಾಂಡಿ, ಬಿಸ್ಕೀಟುಗಳು ಬೇಡ. ಕಾರವಿಲ್ಲದ ಬೇಳೆ, ಬಿಳಿ ಅನ್ನ, ಮೊಸರುಗಳನ್ನು ಬೇರೆಯಾಗಿ ಕೇಳಿದರೆ ಬಹಳ ಕಡೆಗಳಲ್ಲಿ ಕೊಡುತ್ತಾರೆ. ಹೊಸದನ್ನು ಕೂಸಿಗೆಂದು ತರಿಸದೆ ನಮ್ಮ ತಾಟಿನಿಂದ ಬೆರಳಿನಷ್ಟು ಇಟ್ಟು ಸುಮ್ಮನಿರಬೇಕು. ಮುಟ್ಟಿದರೂ ಸರಿ, ಮುಟ್ಟದಿದ್ದರೂ ಸರಿ. "ಪಲ್ಯ ತಿಂದರೆ ಪೇಢೆ ಕೊಡುತ್ತೇನೆ" ಎಂಬ ಲಂಚವು ಪಲ್ಯವನ್ನು ಶಿಕ್ಷೆಯಾಗಿಸಿ ಪೇಢೆಯ ಬೆಲೆಯನ್ನೇರಿಸುತ್ತದೆ. ಏನನ್ನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ಹಿರಿಯರ ಕೆಲಸ. ಉಣ್ಣಬೇಕೋ ಬೇಡವೋ, ಎಷ್ಟು ಉಣ್ಣಬೇಕು ಎಂಬುದು ಕೂಸಿನ ಕೆಲಸವೆಂದು ಎಲಿನ್ ಸ್ಯಾಟರ್ ಎಂಬ ಆಹಾರತಜ್ಞೆ ಹೇಳಿದ ಮಾತು ನಮಗೆ ಒಪ್ಪಿಗೆಯಾಗಿದೆ. ಇನ್ನೊಂದು ಎಚ್ಚರಿಕೆ: ಐದು ವರುಷದೊಳಗಿನ ಮಕ್ಕಳಿಗೆ ಇಡಿಯ ಶೇಂಗಾಕಾಳನ್ನು ಕೊಡಬಾರದು, ಓಡುತ್ತ ತಿಂದರೆ ಗಂಟಲಲ್ಲಿ ಸಿಕ್ಕುವ ಭಯವುಂಟು. ಕೂಸಿನ ತೂಕವು ಏರದೆ ನಿಂತರೆ, ಇಲ್ಲವೆ ಎರಡು ಮೂರು ತಿನಿಸುಗಳ ಹೊರತು ಬೇರೇನನ್ನೂ ಎಂದೆಂದಿಗೂ ಮುಟ್ಟದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು.

ಆಲಮಟ್ಟಿಯ ನೀರು ನಿಂತಾಗ ಬೀಳಗಿ ತಾಲೂಕಿನ ಹಲವು ಹಳ್ಳಿಗಳ ಹೊಲಮನೆಗಳು ಹಿನ್ನೀರಿನ ಪಾಲಾದವು. ಆ ಕಡೆಯ ಮುದುಕರು ಉದ್ಯಾನಕ್ಕೆ ಬಂದರೆ ಹೂಗಳಿಗಿಂತ ನೀರನ್ನೇ ಹೆಚ್ಚು ನೋಡುತ್ತಾರೆ. ಅವರಲ್ಲಿ ಹಲವರು ಚರಗ ಚೆಲ್ಲಿದ ಹೊಲಗಳು ಆ ನೀರಿನ ತಳದಲ್ಲಿವೆ. ಹೊಲವು ಹೋದರೂ ಬುತ್ತಿಯ ರೂಢಿ ಅವರ ಮನೆಗಳಿಂದ ಹೋಗಿಲ್ಲ. ಅಂತಹ ಅಜ್ಜಿಯೊಬ್ಬಳು ಹುಲ್ಲಿನ ಮೇಲೆ ಅರಿವೆಯ ಗಂಟನ್ನು ಬಿಚ್ಚಿ, ಮೊಮ್ಮಗನಿಗೆ ರೊಟ್ಟಿಯ ಚೂರೊಂದನ್ನು ಕೊಟ್ಟು, ಆತ ಅರ್ಧವನ್ನು ತಿಂದು ಅರ್ಧವನ್ನು ಕೈಯಲ್ಲಿ ಹಿಡಿದು ಓಡಿದಾಗ ಏನೂ ಅನ್ನದೆ, "ನೀನೂ ಉಣ್ಣವ್ವಾ, ಹೊತ್ತಾತು" ಎಂದು ಸೊಸೆಯ ಮುಂದೆ ತಾಟನ್ನು ಸರಿಸಿದುದನ್ನು ನಾವು ಅದೇ ಸಂಜೆ ನೋಡಿದೆವು. ಇದಕ್ಕೆ ದುಡ್ಡೇನೂ ಬೇಕಾಗಲಿಲ್ಲ. ಮುಂದಿನ ರಜೆಯಲ್ಲಿ ಮಕ್ಕಳೊಡನೆ ಹೊರಡುವ ಮನೆಗಳಲ್ಲಿ ಹಿರಿಯರು ಇಷ್ಟನ್ನು ನಡೆಸಿಕೊಟ್ಟರೆ ಕೂಸಿನ ಹಟವು ಒಮ್ಮೆಲೆ ಅಳಿಯದಿದ್ದರೂ ತಾಯಂದಿರಾದರೂ ಹೊಟ್ಟೆತುಂಬ ಉಂಡು ಮನೆಗೆ ಬಂದಾರು.