ನೋಟಿನ ಬೆನ್ನಲ್ಲೊಂದು ಗುಡಿ

ಇಟಲಿಯ ಮಿಲಾನ್ ನಗರದಿಂದ ಉತ್ತರಕ್ಕೆ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆ ಸಾಗಿದರೆ ಕೋಮೊ ಸಿಗುತ್ತದೆ. ಬೆಟ್ಟಗಳ ನಡುವೆ ಚಾಚಿಕೊಂಡ ಸರೋವರ, ಅದರ ತುದಿಯಲ್ಲಿ ರೇಷ್ಮೆಗೆ ಹೆಸರಾದ ಈ ಊರು. ಪ್ರವಾಸಿಗಳು ಇಲ್ಲಿಗೆ ಬರುವುದು ಹೆಚ್ಚಾಗಿ ದೋಣಿವಿಹಾರಕ್ಕೆ. ಆದರೆ ಹಳೆಯ ನೋಟು ಸಂಗ್ರಹಿಸುವ ಹವ್ಯಾಸವಿದ್ದವರಿಗೆ ದಡದ ಉದ್ಯಾನದಲ್ಲಿರುವ ಗುಮ್ಮಟದ ಕಟ್ಟಡವೊಂದು ಕಂಡೊಡನೆ ಹಳೆಯ ಪರಿಚಯದವರು ಎದುರಾದಂತಾಗುತ್ತದೆ.

1984ರಲ್ಲಿ ಇಟಲಿಯ ಕೇಂದ್ರ ಬ್ಯಾಂಕು ಹೊರತಂದ 10,000 ಲಿರಾ ನೋಟಿನ ಹಿಂಬದಿಯಲ್ಲಿರುವುದು ಇದೇ ಕಟ್ಟಡ. ಹೆಸರು ‘ಟೆಂಪಿಯೊ ವೋಲ್ಟಿಯಾನೊ’, ಎಂದರೆ ವೋಲ್ಟಾನ ಗುಡಿ. ಮುಂಬದಿಯಲ್ಲಿ ನೀಲಿ ಛಾಯೆಯಲ್ಲಿ ಅಲೆಸ್ಸಾಂಡ್ರೊ ವೋಲ್ಟಾನ ಮುಖ. ಜೊತೆಗೆ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದ ಕಂಬ.

ಈ ಕಂಬ ನೋಡಲು ಅಂಥ ಚೆಂದವೇನಲ್ಲ. ಸತುವಿನದೊಂದು ಬಿಲ್ಲೆ, ತಾಮ್ರದ್ದೋ ಬೆಳ್ಳಿಯದೋ ಇನ್ನೊಂದು, ನಡುವೆ ಉಪ್ಪುನೀರಿನಲ್ಲಿ ತೋಯಿಸಿದ ಬಟ್ಟೆ; ಮತ್ತೆ ಅದೇ ಸರದಿ. ಬೊಲೊನ್ಯಾದ ಗಾಲ್ವಾನಿ ಸತ್ತ ಕಪ್ಪೆಯ ಕಾಲು ಅದುರಿದ್ದನ್ನು ಕಂಡು, ವಿದ್ಯುತ್ತು ಪ್ರಾಣಿಯ ದೇಹದಲ್ಲಿಯೇ ಇದೆ ಎಂದಿದ್ದ. ವೋಲ್ಟಾ ಒಪ್ಪಲಿಲ್ಲ. ಬೇರೆ ಬೇರೆ ಲೋಹಗಳು ಸೇರಿದಾಗ ವಿದ್ಯುತ್ತು ಹುಟ್ಟುತ್ತದೆ ಎಂದು ವಾದಿಸಿ, ಕಪ್ಪೆಯ ಹಂಗಿಲ್ಲದ ಈ ಕಂಬ ಕಟ್ಟಿದ. 1800ರ ಮಾರ್ಚಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ಅದನ್ನು ತಿಳಿಸಿದ. ಅದುವರೆಗೆ ಕಿಡಿಯಾಗಿ ಹಾರಿ ಮುಗಿಯುತ್ತಿದ್ದ ವಿದ್ಯುತ್ತು ತಂತಿಯಲ್ಲಿ ಎಡೆಬಿಡದೆ ಹರಿಯತೊಡಗಿದ್ದು ಹೀಗೆ. ಟಾರ್ಚಿನ ಸೆಲ್ಲಿನ ಮೇಲೆ ‘ಒಂದೂವರೆ ವೋಲ್ಟ್’ ಎಂದು ಓದುವ ಮಕ್ಕಳು ನಿತ್ಯವೂ ಓದುತ್ತಿರುವುದು ಇವನ ಹೆಸರನ್ನೇ. ನೋಟಿನ ಚಿತ್ರಕಾರ ಮಿಂಚು, ದೀಪಗಳ ಆಡಂಬರಕ್ಕೆ ಹೋಗದೆ ಈ ಬಿಲ್ಲೆಗಳನ್ನೇ ನೆಚ್ಚಿಕೊಂಡದ್ದು ಮೆಚ್ಚಬೇಕಾದ ಮಾತು.

ವೋಲ್ಟಾ ಹುಟ್ಟಿದ್ದು (1745), ತೀರಿಕೊಂಡದ್ದು (1827) ಕೋಮೊದಲ್ಲೇ. 1899ರಲ್ಲಿ, ಕಂಬಕ್ಕೆ ನೂರು ತುಂಬಿತೆಂದು ಊರಿನವರು ದೊಡ್ಡ ವಸ್ತುಪ್ರದರ್ಶನ ಏರ್ಪಡಿಸಿ, ಅವನ ಉಪಕರಣಗಳನ್ನೆಲ್ಲ ತಂದಿಟ್ಟರು. ಜುಲೈ ತಿಂಗಳಲ್ಲಿ ಬೆಂಕಿ ಬಿತ್ತು. ಆತ ಕೈಯಾರೆ ಬಳಸಿದ ವಸ್ತುಗಳಲ್ಲಿ ಬಹುಪಾಲು ಬೂದಿಯಾದವು. ಗೌರವಿಸಲೆಂದು ಒಂದೆಡೆ ಕೂಡಿಸಿದ್ದೇ ಕೇಡಿಗೆ ಬಂತು.

ಗುಡಿ ಎದ್ದದ್ದು ಅನಂತರ. ಹತ್ತಿ ಉದ್ಯಮಿ ಫ್ರಾನ್ಚೆಸ್ಕೊ ಸೊಮೈನಿ ಹಣ ಕೊಟ್ಟ. ಫೆಡೆರಿಕೊ ಫ್ರಿಜೇರಿಯೊ ನಕ್ಷೆ ಬರೆದ. 1928ರಲ್ಲಿ ಬಾಗಿಲು ತೆರೆಯಿತು. ಹೊರಗೆ ರೋಮಿನ ದೇಗುಲಗಳ ಗತ್ತು, ಎತ್ತರದ ಕಂಬಗಳು. ಒಳಗೆ ಗಾಜಿನ ಪೆಟ್ಟಿಗೆಗಳಲ್ಲಿ ಬೆಂಕಿಯಿಂದ ಉಳಿದ ಉಪಕರಣಗಳು, ಅವುಗಳ ಪಕ್ಕದಲ್ಲೇ ಹಳೆಯದರಂತೆ ಮತ್ತೆ ಮಾಡಿಸಿದವು. ಪ್ರತಿಯೊಂದರ ಮುಂದೆಯೂ ‘ಇದು ಮೂಲವೋ, ನಕಲೋ?’ ಎಂದು ಕೇಳಿಕೊಳ್ಳುವ ಮಕ್ಕಳಿದ್ದರೆ ಹೆತ್ತವರು ಬೇಸರಿಸಬಾರದು.

2002ರಲ್ಲಿ ಲಿರಾ ಚಲಾವಣೆಯಿಂದ ಹೋಗಿ ಯೂರೋ ಬಂತು. ಯಾವ ದೇಶಕ್ಕೂ ಮುನಿಸು ಬೇಡವೆಂದು ಆ ಹೊಸ ನೋಟುಗಳಲ್ಲಿ ವಿಜ್ಞಾನಿಯೂ ಇಲ್ಲ, ನಿಜವಾದ ಕಟ್ಟಡವೂ ಇಲ್ಲ. ಬರೀ ಕಲ್ಪನೆಯ ಕಿಟಕಿ, ಸೇತುವೆಗಳು. ಕೊನೆಗೆ ನೆದರ್ಲ್ಯಾಂಡ್ಸಿನ ಸ್ಪೈಕನಿಸ್ಸೆ ಎಂಬ ಊರು ನೋಟು ನೋಡಿಯೇ ಆ ಸೇತುವೆಗಳನ್ನು ಕಟ್ಟಿಸಿತು! ಕೋಮೊಗೆ ಆ ಕಷ್ಟವಿರಲಿಲ್ಲ. 10,000 ಲಿರಾಕ್ಕೆ ನಿಗದಿಯಾದ ಬೆಲೆ 5 ಯೂರೋ 16 ಸೆಂಟ್. 2011ರ ಡಿಸೆಂಬರಿನಲ್ಲಿ ಬದಲಾಯಿಸಿಕೊಡುವುದನ್ನೂ ನಿಲ್ಲಿಸಲಾಯಿತು. ಈಗ ಆ ನೋಟನ್ನು ಅಂಗಡಿಯಲ್ಲಿ ಯಾರೂ ಮುಟ್ಟರು. ಸಂಗ್ರಹಕಾರರು ಮಾತ್ರ ಮಡಿಕೆ ಬೀಳದ್ದನ್ನು ಹುಡುಕಿ ಕೊಳ್ಳುತ್ತಾರೆ.