ದಿಂಬಂ ಘಟ್ಟದಲ್ಲಿ ನಡುಗುವ ಕನ್ನಡಿ

ತಾಳವಾಡಿ ಸೀಮೆಯಿಂದ ಹೊರಡುವವರಿಗೆ ಮುಖ್ಯವಾಗಿ ಎರಡು ದಾರಿಗಳು. ಒಂದು ಚಾಮರಾಜನಗರದ ಕಡೆಗೆ; ಅಲ್ಲಿ ನೆಂಟರಿದ್ದಾರೆ, ಅಂಗಡಿಯ ಫಲಕಗಳ ಮೇಲೆ ತಮ್ಮದೇ ಅಕ್ಷರಗಳಿವೆ. ಇನ್ನೊಂದು ಆಸನೂರಿನ ಕಾಡನ್ನು ಹಾದು, ದಿಂಬಂ ಘಟ್ಟವನ್ನಿಳಿದು ಸತ್ಯಮಂಗಲಕ್ಕೂ ಅಲ್ಲಿಂದ ಜಿಲ್ಲಾ ಕೇಂದ್ರವಾದ ಈರೋಡಿಗೂ ಹೋಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯವನ್ನು ಸೇರಿತು, ತಾಳವಾಡಿ ಸೇರಲಿಲ್ಲ. ಅಂದಿನಿಂದ ಇಲ್ಲಿನವರಿಗೆ ಮಾತಿನ ನಂಟು ಒಂದು ದಿಕ್ಕಿಗೆ, ಕಾಗದಪತ್ರದ ನಂಟು ಇನ್ನೊಂದು ದಿಕ್ಕಿಗೆ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನೂ ಕಾಲೇಜು ಸೇರುವ ಹೊತ್ತಿಗೆ ಒಮ್ಮೆಯಾದರೂ ಈ ಘಟ್ಟವನ್ನು ಇಳಿಯಲೇಬೇಕು.

ಘಟ್ಟಕ್ಕೆ 27 ಹೇರ್‌ಪಿನ್ ತಿರುವುಗಳು. ಉದ್ದನೆಯ ಲಾರಿಯೊಂದು ತಿರುವಿಗೆ ಬಂತೆಂದರೆ ರಸ್ತೆಯ ಅಗಲವೆಲ್ಲ ಅದರದೇ, ಉಳಿದವರು ಕಾಯಬೇಕು. ಇಕ್ಕಟ್ಟಾದ ಬೆಟ್ಟದ ದಾರಿಯಲ್ಲಿ ಏರುವ ವಾಹನಕ್ಕೆ ಇಳಿಯುವ ವಾಹನ ಎಡೆ ಬಿಡಬೇಕೆಂಬುದು ನಿಯಮ. ಇಲ್ಲಿ ಅದು ನಿಯಮಕ್ಕಿಂತ ಹೆಚ್ಚಾಗಿ ಬದುಕುವ ಉಪಾಯ. ಸುತ್ತಲ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ. 2022ರಲ್ಲಿ ಮದರಾಸು ಉಚ್ಚ ನ್ಯಾಯಾಲಯ ಈ ದಾರಿಯ ರಾತ್ರಿ ಸಂಚಾರಕ್ಕೆ ನಿರ್ಬಂಧ ಹಾಕಿದ ಮೇಲೆ, ಹಗಲಿನಲ್ಲೇ ಹೋಗಿ ಬಂದುಬಿಡಬೇಕೆಂಬ ಅವಸರ ಎಲ್ಲ ಚಾಲಕರ ಮುಖದಲ್ಲೂ ಕಾಣುತ್ತದೆ.

ಅಂಥ ಅವಸರದಲ್ಲಿದ್ದ ಬಾಡಿಗೆ ಕಾರೊಂದು ಒಂದು ಸಂಜೆ ತಾಳವಾಡಿಯ ಮೆಕ್ಯಾನಿಕ್ ಅಂಗಡಿಯ ಮುಂದೆ ನಿಂತಿತು. ಮರುದಿನ ಬೆಳಿಗ್ಗೆ ಎರಡು ಮನೆಯವರು ತಮ್ಮ ಮಕ್ಕಳನ್ನು ಕಾಲೇಜಿಗೆ ಸೇರಿಸಲು ಅದರಲ್ಲಿ ಈರೋಡಿಗೆ ಹೋಗಬೇಕಿತ್ತು. ಇಂಜಿನ್ನಿಗೆ ಯಾವ ದೋಷವೂ ಇರಲಿಲ್ಲ. ಮುಂಗಾಜಿನ ಒಳಗಿನ ಕನ್ನಡಿ ಮಾತ್ರ ಗಟಗಟ ನಡುಗುತ್ತಿತ್ತು.

ಇದನ್ನು ಸಣ್ಣ ಕೇಡೆಂದು ಬಗೆಯುವವರೇ ಹೆಚ್ಚು. ಆದರೆ ನಡುಗುವ ಕನ್ನಡಿಯಲ್ಲಿ ಹಿಂದಿನ ವಾಹನದ ಎರಡು ದೀಪಗಳು ಎರಡು ಗೆರೆಗಳಾಗುತ್ತವೆ. ಅದು ಎಷ್ಟು ದೂರದಲ್ಲಿದೆ, ಹತ್ತಿರವಾಗುತ್ತಿದೆಯೇ ಎಂಬುದು ತಿಳಿಯದು. ಬಾಗಿಲಿನ ಕನ್ನಡಿಗಳನ್ನು ನೆಚ್ಚೋಣವೆಂದರೆ ಅವು ಸಾಮಾನ್ಯವಾಗಿ ಉಬ್ಬುಗಾಜಿನವು. ನೋಟದ ಹರವು ಹೆಚ್ಚು, ಆದರೆ ವಸ್ತು ಚಿಕ್ಕದಾಗಿ, ಇರುವುದಕ್ಕಿಂತ ದೂರದಲ್ಲಿರುವಂತೆ ತೋರುತ್ತದೆ. ದೂರವನ್ನು ನಿಜವಾಗಿ ಹೇಳುವುದು ಒಳಗಿನ ಚಪ್ಪಟೆ ಕನ್ನಡಿಯೇ.

ಮೆಕ್ಯಾನಿಕ್ಕು ಮೊದಲು ಕನ್ನಡಿಯನ್ನು ಮುಟ್ಟಲಿಲ್ಲ. ಅದರ ಕಾಂಡಕ್ಕೆ ನೇತುಹಾಕಿದ್ದ ಗೊಂಬೆ, ಮಣಿಸರ, ಒಣಗಿದ ಹೂವಿನ ದಂಡೆಗಳನ್ನು ಬಿಚ್ಚಿ ಚಾಲಕನ ಕೈಗಿಟ್ಟನು. ನಡುಕ ಅರ್ಧ ಇಳಿಯಿತು. ಉಳಿದರ್ಧ ಎಲ್ಲಿಂದಲೆಂದು ತಿಳಿಯಲು ಅವನು ಒಂದು ಕೈಯಲ್ಲಿ ಕಾಂಡವನ್ನು ಬಿಗಿಹಿಡಿದು ಇನ್ನೊಂದು ಕೈಯಲ್ಲಿ ಕನ್ನಡಿಯನ್ನು ಅಲುಗಿಸಿದನು. ಕಾಂಡ ನಿಂತು ಕನ್ನಡಿಯಷ್ಟೇ ಆಡಿದರೆ, ಗುಂಡು ಬಟ್ಟಲಲ್ಲಿ ಕೂತಂತಿರುವ ಅದರ ಕೀಲು ಸವೆದಿದೆಯೆಂದು ಅರ್ಥ. ಅದಕ್ಕೆ ಸೈಕಲ್ ಟ್ಯೂಬಿನ ಚೂರನ್ನು ಸಿಕ್ಕಿಸುವವರಿದ್ದಾರೆ. ನಾಲ್ಕು ದಿನ ನಡೆಯುತ್ತದೆ, ಆಮೇಲೆ ಹೊಸ ಕನ್ನಡಿಯೇ ಗತಿ. ಕಾಂಡವೇ ಆಡಿದರೆ ಬುಡದ ಪುಟ್ಟ ಸ್ಕ್ರೂ ಸಡಿಲಾಗಿರಬಹುದು, ಅಲೆನ್ ಕೀ ಹಾಕಿ ಕಾಲು ಸುತ್ತು ತಿರುಗಿಸಿದರೆ ಸಾಕು. ಇನ್ನೂ ಬಿಗಿಯಲಿ ಎಂದು ಬಲ ಹಾಕಿದರೆ ಮುಂಗಾಜೇ ಸೀಳಬಹುದು. ಐದು ನಿಮಿಷದ ಕೆಲಸಕ್ಕೆ ಸಾವಿರಾರು ರೂಪಾಯಿ ತೆರುವುದು ಹೀಗೆ.

ಇಲ್ಲಿ ಆಗಿದ್ದು ಮೂರನೆಯ ಬಗೆ. ಗಾಜಿಗೆ ಅಂಟಿಸಿದ ಉಗುರಗಲದ ಲೋಹದ ಬಿಲ್ಲೆಯ ಒಂದು ಅಂಚು ಎದ್ದಿತ್ತು. ಬೆಳಿಗ್ಗೆ ದಿಂಬಂನ ಚಳಿ, ನಡುಹಗಲಿಗೆ ಸತ್ಯಮಂಗಲದ ಬಯಲಿನ ಉರಿ. ಗಾಜು ಹಿಗ್ಗುವಷ್ಟೇ ಲೋಹ ಹಿಗ್ಗುವುದಿಲ್ಲ; ನಡುವೆ ಸಿಕ್ಕ ಅಂಟು ದಿನದಿನಕ್ಕೂ ಸಡಿಲುತ್ತದೆ.

ಕನ್ನಡಿಯನ್ನು ಬಿಚ್ಚಿಟ್ಟು, ಬಿಲ್ಲೆಯಿದ್ದ ಜಾಗವನ್ನು ಗಾಜಿನ ಹೊರಮೈಯಲ್ಲಿ ಬಣ್ಣದ ಕಡ್ಡಿಯಿಂದ ಗುರುತು ಮಾಡಿಕೊಂಡನು. ಬಿಲ್ಲೆ ಬೆರಳಿನೊತ್ತಿಗೇ ಕೈಗೆ ಬಂತು. ಹಳೆಯ ಅಂಟನ್ನು ಬ್ಲೇಡಿನಿಂದ ಕೆರೆದು, ಗಾಜನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಬಿಲ್ಲೆಯ ಬೆನ್ನನ್ನು ಎಮರಿ ಕಾಗದದಲ್ಲಿ ಉಜ್ಜಿ ಒರಟು ಮಾಡಿದನು. ಮನೆಯಲ್ಲಿ ಚಪ್ಪಲಿಗೆ ಹಚ್ಚುವ ದಿಢೀರ್ ಅಂಟು ಇದಕ್ಕೆ ಒಗ್ಗದು, ಬಿಸಿಲಿಗೆ ಪೆಡಸಾಗಿ ಬಿಟ್ಟುಕೊಳ್ಳುತ್ತದೆ. ಕನ್ನಡಿಗೆಂದೇ ಬರುವ ಅಂಟನ್ನು ಹನಿಯಷ್ಟು ಹಾಕಿ, ಬಿಲ್ಲೆಯನ್ನು ಗುರುತಿನ ಮೇಲಿಟ್ಟು ಹೆಬ್ಬೆರಳಲ್ಲಿ ಒಂದು ನಿಮಿಷ ಒತ್ತಿಹಿಡಿದನು.

"ಈಗ್ಲೇ ಕನ್ನಡಿ ಹಾಕ್ಬುಡಣ್ಣ," ಎಂದನು ಚಾಲಕ.

"ಹಾಕ್ಬುಡ್ತೀನಿ. ಡಿಂಬಂ ಇಳಿಯೋ ಹೊತ್ಗೆ ನಿನ್ ತೊಡೆ ಮ್ಯಾಲ ಬೀಳ್ತದ. ಬೆಳಿಗ್ಗೆ ಬಾ ಹೋಗು."

ಕಾನೂನಿಗೂ ಮೆಕ್ಯಾನಿಕ್ಕಿಗೂ ಇಲ್ಲಿ ಭಿನ್ನಾಭಿಪ್ರಾಯವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 190ನೆಯ ಕಲಮು, ಅಪಾಯ ತರುವಂಥ ದೋಷವಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದನ್ನು ಅಪರಾಧವೆನ್ನುತ್ತದೆ. ದೋಷ ಚಾಲಕನಿಗೆ ತಿಳಿದೇ ಇರಬೇಕೆಂದಿಲ್ಲ. ಸಾಮಾನ್ಯ ಎಚ್ಚರದಿಂದ ತಿಳಿಯಬಹುದಾಗಿದ್ದರೂ ಸಾಕು. ಕಣ್ಣೆದುರೇ ನಡುಗುವ ಕನ್ನಡಿಯನ್ನು ಕಾಣಲಿಲ್ಲವೆಂದು ವಾದಿಸಲು ಯಾವ ವಕೀಲನಿಗೂ ಬಾಯಿ ಬಾರದು.

ಬೆಳಿಗ್ಗೆ ಕನ್ನಡಿ ಕೂತಿತು. ಹೊರಡುವುದು ಒಂದು ಗಂಟೆ ತಡವಾಯಿತೆಂದು ಮಕ್ಕಳ ತಂದೆಯರು ಗೊಣಗಿದರು, ತಾಯಂದಿರು ಸುಮ್ಮನಿದ್ದರು. ಆಸನೂರು ದಾಟುವವರೆಗೂ ಕನ್ನಡಿಯ ತುಂಬ ಹಿಂದಿನ ಸೀಟಿನ ಮಕ್ಕಳ ತಲೆಗಳು, ತೊಡೆಯ ಮೇಲೆ ಅಂಕಪಟ್ಟಿಯ ಚೀಲಗಳು. ದಿಂಬಂನಿಂದ ಇಳಿಯತೊಡಗಿದಾಗ ಅದರಲ್ಲಿ ಕಬ್ಬಿನ ಲಾರಿಯೊಂದು ಕಾಣಿಸಿಕೊಂಡಿತು. ತಿರುವಿನೊಳಗೆ ಒಳಗನ್ನಡಿಯಿಂದ ಪ್ರಯೋಜನವಿಲ್ಲ. ಹಿಂದಿನ ಲಾರಿ ಆಗ ತಲೆಯ ಮೇಲಿನ ರಸ್ತೆಯಲ್ಲಿರುತ್ತದೆ, ಕಿಟಕಿಯಿಂದಲೇ ನೋಡಬೇಕು. ಆದರೆ ತಿರುವು ಮುಗಿದು ನೇರ ದಾರಿಗೆ ಬಂದೊಡನೆ ಅದು ಎಷ್ಟು ಸಮೀಪಿಸಿದೆಯೆಂದು ಆ ಅಂಗೈಯಗಲದ ಗಾಜು ಹೇಳುತ್ತದೆ. ಐದಾರು ತಿರುವು ಕಳೆಯುವಷ್ಟರಲ್ಲಿ ಲಾರಿ ತೀರ ಹತ್ತಿರ ಬಂದಿತ್ತು. ಅಗಲವಾದ ಅಂಚು ಸಿಕ್ಕಿದಲ್ಲಿ ಚಾಲಕ ಕಾರನ್ನು ಬದಿಗೆ ನಿಲ್ಲಿಸಿ ಅದನ್ನು ಮುಂದೆ ಹೋಗಗೊಟ್ಟನು. ಬ್ರೇಕಿನ ಸುಟ್ಟ ವಾಸನೆ ಕಾರಿನೊಳಗೂ ಬಂತು.

ಘಟ್ಟದ ಬುಡದಲ್ಲಿ ಬಣ್ಣಾರಿ ಅಮ್ಮನ ಗುಡಿ. ಎಲ್ಲರೂ ಇಳಿದು ಕೈಮುಗಿದರು. ಒಬ್ಬ ತಾಯಿ ಒಂದು ಮೊಳ ಮಲ್ಲಿಗೆ ಕೊಂಡು ಕನ್ನಡಿಗೆ ಹಾಕೆಂದು ಚಾಲಕನಿಗೆ ಕೊಟ್ಟಳು. ಅವನ ಕೈ ಕಾಂಡದವರೆಗೆ ಹೋಗಿ, ಅಲ್ಲಿಂದ ಹಿಂದೆ ಬಂದು, ಹೂವನ್ನು ಸ್ಟಿಯರಿಂಗಿನ ಮುಂದಿನ ಹಲಗೆಯ ಮೇಲಿಟ್ಟಿತು.