ಹಳೆಯ ಸಂಖ್ಯೆ, ಹೊಸ ಸಂಖ್ಯೆ

ಒಂದು ಮನೆಯಿಂದ ಮತ್ತೊಂದು ಮನೆಗೆ ಹೋಗುವವರು ಪಾತ್ರೆ ಪಡಗಗಳನ್ನು ಮರೆಯುವುದಿಲ್ಲ. ಅಟ್ಟದ ಮೇಲಿನ ಕಾಗದಪತ್ರಗಳ ಗಂಟನ್ನು ಮಾತ್ರ ‘ಇದರಿಂದ ಇನ್ನೇನು ಪ್ರಯೋಜನ?’ ಎಂದು ಬಿಟ್ಟು ಹೋಗುವುದುಂಟು. ಮುಂದೆಂದೋ ಹೊಲದ ಗಡಿಯ ಪ್ರಶ್ನೆ ಎದ್ದಾಗ ಆ ಗಂಟಿನ ಬೆಲೆ ತಿಳಿಯುತ್ತದೆ. ಗಣಕಯಂತ್ರದಲ್ಲಿ ಕೂಡಿಟ್ಟ ಕೆಲಸವನ್ನು ಒಂದು ಭಂಡಾರದಿಂದ ಇನ್ನೊಂದಕ್ಕೆ ಸಾಗಿಸುವಾಗಲೂ ಇದೇ ಪ್ರಶ್ನೆ ಏಳುತ್ತದೆಂಬುದು ಈಚೆಗೆ ನನ್ನ ಅನುಭವಕ್ಕೆ ಬಂದಿತು.

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ನಾವು ಕೆಲವು ಗೆಳೆಯರು ಸೇರಿ ನಮ್ಮ ಸೀಮೆಯ ಒಕ್ಕಲುತನದ ಪದಗಳನ್ನು 2010ರಿಂದ ಸಂಗ್ರಹಿಸುತ್ತ ಬಂದಿದ್ದೇವೆ. ಏತ, ಕೂರಿಗೆ, ಮೇಟಿ ಮುಂತಾದ ಮಾತುಗಳು ಹಿರಿಯರೊಡನೆಯೇ ಮರೆಯಾಗಬಾರದೆಂಬುದು ನಮ್ಮ ಆಸೆ. ಶಾಲೆಯ ಮಕ್ಕಳು ಪದವನ್ನು ಒತ್ತಿದೊಡನೆ ಅರ್ಥ ಕಾಣುವಂತೆ ನನ್ನ ಸೋದರಳಿಯನು ಒಂದು ಚಿಕ್ಕ ತಂತ್ರಾಂಶವನ್ನು ರಚಿಸಿಕೊಟ್ಟನು. ಅದನ್ನೂ ಪದಗಳ ಪಟ್ಟಿಯನ್ನೂ ‘ಸಬ್‌ವರ್ಷನ್’ ಎಂಬ ವ್ಯವಸ್ಥೆಯಲ್ಲಿ ಇರಿಸಿದ್ದನು.

ಈ ವ್ಯವಸ್ಥೆ ನನಗೆ ಹೊಸದೆನಿಸಲಿಲ್ಲ. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಓಲೆಗರಿಗಳನ್ನು ಓದುವುದನ್ನು ಕಲಿತವನು ನಾನು. ಗ್ರಂಥವನ್ನು ಪ್ರತಿಮಾಡಿದವನು ಕೊನೆಯ ಗರಿಯಲ್ಲಿ ತನ್ನ ಹೆಸರು, ಊರು, ಸಂವತ್ಸರ, ತಿಥಿಗಳನ್ನು ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬೇಡಿಕೊಳ್ಳುವುದು ಹಳೆಯ ರೂಢಿ. ಸಬ್‌ವರ್ಷನ್ ಮಾಡುವುದೂ ಅದನ್ನೇ. ಯಾರು, ಯಾವ ದಿನ, ಏನನ್ನು ತಿದ್ದಿದರು, ಏಕೆ ತಿದ್ದಿದರು ಎಂಬುದನ್ನು ಅದು ಪ್ರತಿಸಲವೂ ದಾಖಲಿಸಿ, ಆ ತಿದ್ದುಪಡಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಡುತ್ತದೆ. ಆದರೆ ಭಂಡಾರ ಒಂದೇ ಕಡೆ ಇರುತ್ತದೆ. ಉಳಿದವರ ಬಳಿ ಇರುವುದು ಸಾಮಾನ್ಯವಾಗಿ ಆಗಿನ ಪ್ರತಿ ಮಾತ್ರ.

ಆ ಭಂಡಾರವಿದ್ದ ಯಂತ್ರವನ್ನು ಮುಚ್ಚುವ ಕಾಲ ಬಂದಿತು. ‘ಗಿಟ್’ ಎಂಬ ವ್ಯವಸ್ಥೆಗೆ ಹೋಗೋಣವೆಂದು ಅಳಿಯನು ಸೂಚಿಸಿದನು. ಗಿಟ್ ಹುಟ್ಟಿದುದು 2005ರ ಏಪ್ರಿಲ್‌ನಲ್ಲಿ. ಲಿನಕ್ಸ್ ಬಳಗದವರು ಅಲ್ಲಿಯವರೆಗೆ ಬಳಸುತ್ತಿದ್ದ ಬಿಟ್‌ಕೀಪರ್ ಅವರಿಗೆ ಉಚಿತವಾಗಿ ದೊರೆಯದಂತಾದಾಗ ಲೈನಸ್ ಟೋರ್ವಾಲ್ಡ್ಸ್ ಇದನ್ನು ರಚಿಸಿದರು. ಇದರಲ್ಲಿ ಪ್ರತಿಯೊಬ್ಬರ ಬಳಿಯೂ ಪೂರ್ಣ ಪ್ರತಿ, ಅದರ ಪೂರ್ಣ ಚರಿತ್ರೆಯೊಡನೆ ಇರಬಲ್ಲುದು. ಒಂದು ಮಠದ ಓಲೆಗಳನ್ನು ಗೆದ್ದಲು ತಿಂದರೂ ಇನ್ನೊಂದು ಮಠದ ಕಟ್ಟಿನಿಂದ ಗ್ರಂಥ ಉಳಿದ ಬಗೆಯನ್ನು ಬಲ್ಲವರಿಗೆ ಇದರ ಹಿರಿಮೆಯನ್ನು ಬೇರೆ ಹೇಳಬೇಕಾಗಿಲ್ಲ. ನಾವು ಓದುವ ಕನ್ನಡ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶವೂ 2012ರ ಮಾರ್ಚ್‌ನಲ್ಲಿ ಸಬ್‌ವರ್ಷನ್‌ನಿಂದ ಗಿಟ್‌ಗೆ ಬಂದುದೇ ಆಗಿದೆ.

ಹೋಗುವುದೇನೋ ನಿಶ್ಚಯವಾಯಿತು. ಏನನ್ನು ಕೊಂಡೊಯ್ಯಬೇಕೆಂಬಲ್ಲಿ ನಮಗಿಬ್ಬರಿಗೂ ಭಿನ್ನಾಭಿಪ್ರಾಯ ಬಂದಿತು.

“ಮಾವ, ಕೊನೆಯ ಪ್ರತಿ ಸರಿಯಾಗಿದ್ದರೆ ಸಾಕಲ್ಲವೇ? ಅದು ಒಂದು ಸಂಜೆಯ ಕೆಲಸ. ಚರಿತ್ರೆಯನ್ನೆಲ್ಲ ತರಬೇಕೆಂದರೆ ವಾರಗಟ್ಟಲೆ ಕೂರಬೇಕು. ಲಿನಕ್ಸ್‌ನವರೇ ಹಳೆಯದನ್ನು ಬಿಟ್ಟು ಹೊಸದಾಗಿ ಆರಂಭಿಸಿದರು,” ಎಂದನು.

ಅವನ ಮಾತು ನಿಜ. ಆದರೆ ಲಿನಕ್ಸ್‌ನ ಹಳೆಯ ಚರಿತ್ರೆಯನ್ನು ಆಮೇಲೆ ಬೇರೆಯವರು ಶ್ರಮವಹಿಸಿ ಗಿಟ್ ರೂಪಕ್ಕೆ ತಂದಿರಿಸಿದರೆಂಬುದನ್ನೂ ಅವನೇ ತಿಳಿಸಿದನು. ಬೇಡವಾಗಿದ್ದರೆ ಅವರೇಕೆ ಅಷ್ಟು ಶ್ರಮಪಡುತ್ತಿದ್ದರು?

ನನ್ನ ಮನಸ್ಸಿನಲ್ಲಿದ್ದುದು ಅರಕಲಗೂಡಿನ ನಮ್ಮ ಹಿರಿಯ ಉಪಾಧ್ಯಾಯರು. ಅವರು ಲಿಂಗೈಕ್ಯರಾಗಿ ಆರು ವರ್ಷಗಳಾದುವು. ನೆಲದಲ್ಲಿ ತೋಡಿ ರಾಗಿಯನ್ನು ತುಂಬಿಡುವ ಕಣಜಕ್ಕೆ ಮೊದಲು ನಮ್ಮ ಪಟ್ಟಿಯಲ್ಲಿ ‘ಹಗೆ’ ಎಂದಿದ್ದಿತು. ಅವರು ಅದನ್ನು ‘ಹಗೇವು’ ಎಂದು ತಿದ್ದಿ, ‘ಹಗೆ ಎಂದರೆ ಶತ್ರು ಎಂಬ ಅರ್ಥವೂ ಇದೆ, ಮಕ್ಕಳು ಗಲಿಬಿಲಿಗೊಳ್ಳುವರು, ನಮ್ಮೂರ ಹಿರಿಯರ ಬಾಯಲ್ಲಿರುವುದೂ ಹಗೇವು’ ಎಂದು ಕಾರಣ ಬರೆದಿದ್ದರು. ಕೊನೆಯ ಪ್ರತಿಯಲ್ಲಿ ಪದ ಮಾತ್ರ ಉಳಿಯುತ್ತದೆ, ಕಾರಣ ಉಳಿಯುವುದಿಲ್ಲ. ನಾಳೆ ಯಾರಾದರೂ ನಿಘಂಟನ್ನು ನೋಡಿ ‘ಹಗೆ’ ಎಂದು ತಿರುಗಿ ತಿದ್ದಿದರೆ ತಡೆಯುವವರು ಯಾರು? ಇದನ್ನು ಓದಿ ತೋರಿಸಿದ ಮೇಲೆ ಅಳಿಯನು ಮರುಮಾತಾಡದೆ ಕೆಲಸಕ್ಕೆ ಕುಳಿತನು.

ಮೊದಲ ತೊಡಕು ಹೆಸರುಗಳದು. ಸಬ್‌ವರ್ಷನ್‌ನಲ್ಲಿ ಉಪಾಧ್ಯಾಯರು ಬರಿಯ ‘ಅರಕಲಗೂಡು’ ಆಗಿದ್ದರು. ಗಿಟ್ ಪೂರ್ಣ ಹೆಸರನ್ನೂ ಮಿಂಚಂಚೆಯ ವಿಳಾಸವನ್ನೂ ಕೇಳುತ್ತದೆ. ಸಾಗಿಸುವ ಮುನ್ನವೇ ಇಂಥ ಗುರುತಿಗೆ ಇಂಥ ಹೆಸರೆಂದು ಪಟ್ಟಿ ಮಾಡಿಕೊಡಬೇಕು. ಏಕೆಂದರೆ ಗಿಟ್‌ನಲ್ಲಿ ಪ್ರತಿ ದಾಖಲೆಯ ಗುರುತೂ ಅದರ ಒಳಗಿನ ವಿಷಯದಿಂದಲೂ ಹಿಂದಿನ ದಾಖಲೆಯಿಂದಲೂ ಹುಟ್ಟುವ 40 ಅಕ್ಷರಾಂಕೆಗಳ ಸಾಲು. ಹಳೆಯದರಲ್ಲಿ ಒಂದಕ್ಷರ ಬದಲಾದರೂ ಅಲ್ಲಿಂದ ಮುಂದಿನ ಗುರುತುಗಳೆಲ್ಲ ಬದಲಾಗುತ್ತವೆ. ಲಿಂಗೈಕ್ಯರಾದವರಿಗೆ ಯಾವ ಮಿಂಚಂಚೆ? ಅವರ ಮಗಳನ್ನು ಕೇಳಿದೆವು. “ಅಪ್ಪಾಜಿಯ ಹೆಸರನ್ನು ಪೂರ್ತಿಯಾಗಿ ಬರೆಯಿರಿ. ವಿಳಾಸದ ಜಾಗದಲ್ಲಿ ಊರಿನ ಹೆಸರಿರಲಿ,” ಎಂದರು. ಗಿಟ್ ಅದನ್ನು ಒಪ್ಪಿಕೊಂಡಿತು.

ಎರಡನೆಯ ತೊಡಕು ಸಂಖ್ಯೆಗಳದು. ‘312ನೆಯ ತಿದ್ದುಪಡಿಯನ್ನು ನೋಡಿ’ ಎಂದು ನಾವು ಪತ್ರಗಳಲ್ಲಿ ಬರೆದುಕೊಂಡುದು ಎಷ್ಟೋ. ಹೊಸ ಭಂಡಾರದಲ್ಲಿ ಆ ಸಂಖ್ಯೆಗಳಿರುವುದಿಲ್ಲ. ಇಲ್ಲಿ ನನಗೆ ನೆರವಾದುದು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ. ಬಿ. ಎಲ್. ರೈಸ್ ಅವರು 1889ರಲ್ಲಿ ಅಲ್ಲಿಯ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500 ಆದುವು. ಮೈಸೂರು ವಿಶ್ವವಿದ್ಯಾನಿಲಯದ 1973ರ ಆವೃತ್ತಿಯಲ್ಲಿ 573. ಸಂಖ್ಯೆಗಳು ಬದಲಾದುದರಿಂದ ವಿದ್ವಾಂಸರು ಹಳೆಯ ಸಂಖ್ಯೆಯನ್ನೂ ಹೊಸ ಸಂಖ್ಯೆಯನ್ನೂ ಜೊತೆಯಾಗಿ ಕೊಡುವರು. ಹಾಗಲ್ಲದಿದ್ದರೆ ರೈಸ್ ಅವರ ಕಾಲದ ಲೇಖನವನ್ನು ಓದುವವನಿಗೆ ಬಂಡೆ ಸಿಕ್ಕೀತು, ಶಾಸನ ಸಿಕ್ಕದು. ನಾವೂ ಅದೇ ದಾರಿಯನ್ನು ಹಿಡಿದು, ಪ್ರತಿ ದಾಖಲೆಯ ಟಿಪ್ಪಣಿಯ ಕೆಳಗೆ ಹಳೆಯ ಸಂಖ್ಯೆಯನ್ನು ಉಳಿಸಿಕೊಂಡೆವು.

ಮೊದಲು ಒಂದು ಪ್ರಯೋಗದ ಪ್ರತಿಯನ್ನು ಮಾಡಿ, ಹಳೆಯದರೊಡನೆ ಒಂದೊಂದು ಕಡತವನ್ನೂ ಹೋಲಿಸಿದೆವು. ಬರಿದಾಗಿದ್ದ ಕೋಶಗಳು ಮಾತ್ರ ಕಾಣಲಿಲ್ಲ; ಬರಿದಾದ ಕೋಶವನ್ನು ಗಿಟ್ ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ. ಉಳಿದುದೆಲ್ಲ ಸರಿಹೊಂದಿದ ಮೇಲೆ ಹಳೆಯ ಭಂಡಾರದಲ್ಲಿ ಬರೆಯುವುದನ್ನು ನಿಲ್ಲಿಸಿ, ಕೊನೆಯ ಸಲ ಸಾಗಿಸಿದೆವು. ಯಂತ್ರವನ್ನು ಮುಚ್ಚುವ ಮೊದಲು ಹಳೆಯದರ ಒಂದು ಪ್ರತಿಯನ್ನು ಬೇರೆಯಾಗಿ ತೆಗೆದಿಟ್ಟೆವು. ಈಗ ನಾಲ್ಕು ತಾಲ್ಲೂಕುಗಳಲ್ಲಿಯೂ ಒಂದೊಂದು ಪೂರ್ಣ ಪ್ರತಿ ಇದೆ.

ಸದ್ಭಕ್ತರಾದ ವಾಚಕರಲ್ಲಿ ನನ್ನದೊಂದು ಅರಿಕೆ. ನಿಮ್ಮ ಮನೆಗಳಲ್ಲಿಯೂ ಅಜ್ಜನ ಕೈಬರಹದ ಪುಸ್ತಕ, ಅಜ್ಜಿಯ ಹಾಡುಗಳ ವಹಿ, ದಾಸೋಹದ ಲೆಕ್ಕ ಇರಬಹುದು. ಮಕ್ಕಳು ಅವನ್ನು ಗಣಕಯಂತ್ರಕ್ಕೆ ಏರಿಸುವಾಗ ಇಷ್ಟನ್ನು ಹೇಳಿರಿ: ಬರೆದವರ ಹೆಸರನ್ನು ಬಿಡಬೇಡಿರಿ, ಹಳೆಯ ಪುಟಸಂಖ್ಯೆಯನ್ನು ಹೊಸದರ ಪಕ್ಕದಲ್ಲಿ ಬರೆಯಿರಿ, ತಿದ್ದಿದರೆ ಕಾರಣವನ್ನು ಒಂದು ಸಾಲಿನಲ್ಲಾದರೂ ನಮೂದಿಸಿರಿ. ಕಾಯಕ ಮಾಡಿದವರು ಹೋದ ಮೇಲೆ ಅವರ ಪರವಾಗಿ ಮಾತಾಡುವುದು ಆ ಒಂದು ಸಾಲೇ.